ಎದ್ದು ಹೋಗುವವರ ರೊಟ್ಟಿ

ನಮ್ಮೂರಲ್ಲಿ ಯಾರೂ ಕೂತು ಉಣ್ಣುವುದಿಲ್ಲ. ನಗಬೇಡಿ. ನೀವು ಕೂತು ಉಣ್ಣುವ ಊರಿನವರು, ನಿಮಗೆ ನಗು ಬರುತ್ತದೆ. ಇಲ್ಲಿ ಹುಟ್ಟಿದ್ದರೆ ನೀವೂ ಕೈಯಲ್ಲಿ ರೊಟ್ಟಿ ಹಿಡಿದು ಓಣಿ ಓಣಿ ತಿರುಗುತ್ತಿದ್ದಿರಿ. ಒಂದು ತುತ್ತು ಮುರಿದು ಬಾಯಿಗಿಟ್ಟು ನಾಲ್ಕು ಹೆಜ್ಜೆ, ಇನ್ನೊಂದು ತುತ್ತು ಮುರಿದು ಮತ್ತೆ ನಾಲ್ಕು ಹೆಜ್ಜೆ. ಕೈಯಲ್ಲಿ ರೊಟ್ಟಿ, ಕಾಲಲ್ಲಿ ದಾರಿ. ನಮ್ಮ ಓಣಿಗಳ ಕಲ್ಲು ನಡುವೆ ಸವೆದು ತಗ್ಗಾಗಿದೆ. ಮುದುಕರು ಗೋಡೆ ಹಿಡಿದು ನಡೆಯುತ್ತ ಉಣ್ಣುತ್ತಾರೆ. ಕಾಯಿಲೆ ಬಿದ್ದವರಿಗೆ ಇಬ್ಬರು ಹೆಗಲು ಕೊಟ್ಟು ನಡೆಸುತ್ತ ಉಣಿಸುತ್ತಾರೆ. ಉಂಡು ಮುಗಿದ ಮೇಲೂ ಕಾಲು ನಿಲ್ಲುವುದಿಲ್ಲ, ಹಾಸಿಗೆಯಲ್ಲೂ ಹಿಮ್ಮಡಿ ಅಲ್ಲಾಡುತ್ತಲೇ ಇರುತ್ತದೆ.

ಇದಕ್ಕೆಲ್ಲ ಕಾರಣ ಒಂದು ಕಲ್ಲು.

ಊರಿಗೆ ಇರುವುದು ಒಂದೇ ಒಲೆ. ಹನ್ನೆರಡು ಬಾಯಿಯ ಉದ್ದ ಒಲೆ, ಹನ್ನೆರಡು ಹೆಂಚು, ರೊಟ್ಟಿ ಬಡಿಯುವ ಹನ್ನೆರಡು ಮಂದಿ ಹೆಂಗಸರು. ಏಳನೆಯ ಹೆಂಚು ನನ್ನದು. ಮನೆಗಳಲ್ಲಿ ಯಾರೂ ಬೆಂಕಿ ಹೊತ್ತಿಸುವ ಹಾಗಿಲ್ಲ. ಒಲೆಯ ಹಿಂದಿನ ಗೋಡೆಯಲ್ಲಿ ಆ ಕಲ್ಲು ಕೂತಿದೆ, ಮಸಿ ಹಿಡಿದು ಕರ್ರಗೆ. ಅದರ ಮೇಲೆ ಒಂದೇ ಸಾಲು. ಈ ಒಲೆಯಿಂದ ಎದ್ದು ಹೋಗುವವರ ಕೈಯಲ್ಲಿ ಇಂಥ ರೊಟ್ಟಿ ಇರಲಿ, ಅಂತ. ಎಂಥ ರೊಟ್ಟಿ ಎನ್ನುವ ಜಾಗದಲ್ಲಿ ಮಾತ್ರ ನಮ್ಮ ಪದವಿಲ್ಲ. ಅಲ್ಲೊಂದು ಯವನರ ಪದವಿದೆ, ಅವರದೇ ಅಕ್ಷರದಲ್ಲಿ, ಓದುವ ಬಗೆ ಮಾತ್ರ ಹಿರಿಯರ ಬಾಯಿಂದ ಬಾಯಿಗೆ ಬಂದದ್ದು: ಎಪಿಯೂಸಿಯೋಸ್. ಬಿಸಿ ರೊಟ್ಟಿ, ದಪ್ಪ ರೊಟ್ಟಿ ಅಂದ ಹಾಗೆ ಅದು ರೊಟ್ಟಿಯ ಗುಣ ಹೇಳುವ ಪದ ಅನ್ನುವಷ್ಟು ಎಲ್ಲರಿಗೂ ಗೊತ್ತು. ಯಾವ ಗುಣ ಅನ್ನುವುದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ನಮ್ಮೂರಲ್ಲಿ ಮೂರು ಓಣಿಗಳಾದವು.

ಇಂದಿನ ಓಣಿಯವರು, ಆ ಪದಕ್ಕೆ ಇಂದಿನದು ಅಂತ ಅರ್ಥ ಅನ್ನುತ್ತಾರೆ. ಬಿಸಿ ರೊಟ್ಟಿ ತೆಗೆದುಕೊಂಡು ಹೊತ್ತು ಮುಳುಗುವುದರೊಳಗೆ ತಿಂದು ಮುಗಿಸುತ್ತಾರೆ, ಮಿಕ್ಕದ್ದನ್ನು ಗುಂಡಿಗೆ ಸುರಿಯುತ್ತಾರೆ. ನಾಳೆಯ ಓಣಿಯವರು ಅದು ನಾಳೆಯದು ಅನ್ನುತ್ತಾರೆ. ಅವರಿಗೆ ಗಟ್ಟಿಯಾಗಿ ಒಣಗಿಸಿದ ಕಟಕ ರೊಟ್ಟಿ. ಇವತ್ತು ಇಸಿದುಕೊಂಡದ್ದನ್ನು ಇವತ್ತು ಮುಟ್ಟುವ ಹಾಗಿಲ್ಲ. ನಾಳೆಯದು ನಾಳೆಯದು ಅಂತ ಜೀವಮಾನವೆಲ್ಲ ನಿನ್ನೆಯ ರೊಟ್ಟಿ ತಿನ್ನುವ ಜನ. ಸಾಕಿನ ಓಣಿಯವರು ಆರೇ ಮನೆ. ಅವರ ಪ್ರಕಾರ ಅದು ಜೀವಕ್ಕೆ ಸಾಕಾಗುವಷ್ಟು ಅಂತ. ಮಣಿಕಟ್ಟಿಗೆ ದಾರ ಸುತ್ತಿ ಅಳತೆ ಹಿಡಿದು, ಅಷ್ಟೇ ಅಗಲಕ್ಕೆ ರೊಟ್ಟಿಯ ಅಂಚು ಕತ್ತರಿಸಿಕೊಳ್ಳುತ್ತಾರೆ. ದಾರ ಬಿಗಿಯಾಯಿತು, ಸಡಿಲಾಯಿತು ಅಂತ ದಿನಾ ಜಗಳ. ಮೂರು ಓಣಿಯವರೂ ಸೇರಿ ಒಪ್ಪಿದ್ದು ಒಂದನ್ನೇ. ಕಲ್ಲಿನ ಮೇಲೆ ಎದ್ದು ಹೋಗುವವರು ಅಂತ ಇದೆ, ಆದ್ದರಿಂದ ನಡೆಯುತ್ತಲೇ ಉಣ್ಣಬೇಕು.

ಒಲೆಯ ಮುಂದೆ ಕೇಳುವಾತ ಕೋಲು ಹಿಡಿದು ನಿಂತಿರುತ್ತಾನೆ. ಏಳು ವರ್ಷ ತುಂಬಿದ ಪ್ರತಿಯೊಬ್ಬರೂ ಸಾಲಿನಲ್ಲಿ ಬಂದು ಎರಡೂ ಕೈ ಚಾಚಬೇಕು. ಅವನು ಯಾವ ರೊಟ್ಟಿ ಅನ್ನುತ್ತಾನೆ. ಅವರು ಇಂದಿನದು ಅನ್ನಬೇಕು, ಇಲ್ಲಾ ನಾಳೆಯದು ಅನ್ನಬೇಕು, ಇಲ್ಲಾ ಸಾಕಾಗುವಷ್ಟು ಅನ್ನಬೇಕು. ಒಂದು ಸಲ ಹೇಳಿದ್ದನ್ನು ಸಾಯುವ ತನಕ ಬದಲಿಸುವ ಹಾಗಿಲ್ಲ, ಗಂಡನ ಮನೆಗೆ ಹೋದ ಹೆಣ್ಣುಮಕ್ಕಳು ಮಾತ್ರ ಗಂಡನ ಉತ್ತರ ಕಲಿಯುತ್ತಾರೆ. ಉತ್ತರ ಕೊಟ್ಟವರ ಕೈಗೆ ಎರಡು ರೊಟ್ಟಿ. ಉತ್ತರ ಇಲ್ಲದವರಿಗೆ ಇಲ್ಲ.

ನಾನು ಇಂದಿನ ಓಣಿಯವಳು. ನನ್ನ ಒಬ್ಬಳೇ ಮಗಳನ್ನು ನಾಳೆಯ ಓಣಿಗೆ ಕೊಟ್ಟೆ. ಹುಡುಗ ಒಳ್ಳೆಯವನು ಅಂತ ಕೊಟ್ಟೆ, ಓಣಿ ನೋಡಲಿಲ್ಲ. ಅವಳಿಗೆ ಬಸಿರು ನಿಂತಾಗ ನನಗೆ ಖುಷಿಗಿಂತ ಮೊದಲು ಹೆದರಿಕೆ ಬಂತು. ಬೇರೆ ಊರುಗಳಲ್ಲಿ ಬಸುರಿಯರು ಮೈ ತುಂಬಿಕೊಳ್ಳುತ್ತಾರಂತೆ. ನಮ್ಮೂರಲ್ಲಿ ಒಣಗುತ್ತಾರೆ. ನನ್ನ ಮೊದಲನೆಯದು ಅಂಗೈಯಷ್ಟಿತ್ತು, ಒಂದು ಸಲ ಬಾಯಿ ತೆರೆಯಿತು, ಮುಚ್ಚಿತು. ಊರಲ್ಲಿ ಅಂಥವು ಎಷ್ಟು ಹೋದವೋ, ಅವುಗಳ ಜೊತೆ ತಾಯಂದಿರು ಎಷ್ಟು ಹೋದರೋ. ಹೆರಿಗೆ ಅಂದರೆ ಹಾಗೇ ಅಂತ ನಾವೆಲ್ಲ ತಿಳಿದಿದ್ದೆವು. ಬೆಂಕಿಯ ಮುಂದೆ ಕೂತು ದಿನಕ್ಕೆ ನೂರಾರು ರೊಟ್ಟಿ ಬೇಯಿಸಿದ ನನಗೂ ಬೇರೆ ಏನೂ ಹೊಳೆಯಲಿಲ್ಲ, ಅಷ್ಟು ದಡ್ಡಿ ನಾನು.

ನಾಲ್ಕನೆಯ ತಿಂಗಳಲ್ಲಿ ಮಗಳು ಸಾಲಿನಲ್ಲಿ ಬಂದವಳು ನನ್ನ ಹೆಂಚಿನ ಎದುರು ನಿಂತಳು. ಕಣ್ಣು ಗುಳಿ ಬಿದ್ದಿದ್ದವು.

"ಅವ್ವಾ, ನನಗ ಸಾಕಾಗತೈತಿ. ಒಳಗಿಂದು ಕೇಳತೈತಿ," ಅಂದಳು.

"ಏನ್ ಕೇಳತೈತಿ?"

"ಇನ್ನೊಂದು."

ಬಡಿಯುತ್ತಿದ್ದ ಹಿಟ್ಟನ್ನು ಹಾಗೇ ಬಿಟ್ಟೆ. ಎದ್ದು ಸೀದಾ ಕೇಳುವಾತನ ಮುಂದೆ ಹೋಗಿ ನಿಂತೆ. ಅವನು ಕೆಟ್ಟವನಲ್ಲ. ಅವನ ಹೆಂಡತಿಯೂ ಹೆರಿಗೆಯಲ್ಲೇ ಹೋದವಳು, ಅಂದಿನಿಂದ ಅವನು ಯಾರ ಮುಖವನ್ನೂ ನೋಡುವುದಿಲ್ಲ, ಚಾಚಿದ ಕೈ ಮಾತ್ರ ನೋಡುತ್ತಾನೆ.

"ಯಣ್ಣಾ, ನನ್ನ ಮಗಳಿಗೆ ಇನ್ನೊಂದು ರೊಟ್ಟಿ ಬೇಕು," ಅಂದೆ.

"ಯಾರ ಪಾಲಿಂದು?"

"ಹೊಟ್ಟ್ಯಾಗಿಂದರ ಪಾಲಿಂದು."

"ಅದು ಬಂದೈತೇನು?"

"ಬರಾಕತ್ತೈತಿ."

"ಬರಾಕತ್ತಿದ್ದಕ್ಕ ಕೈ ಎಲ್ಲೈತವ್ವಾ? ಕೈಯಾಗ ರೊಟ್ಟಿ ಇರಲಿ ಅಂತ ಕಲ್ಲು ಹೇಳತೈತಿ. ಬಂದು ಕೈ ಚಾಚಲಿ, ಕೊಡೂಣು."

ಮೂರು ಓಣಿಯ ಹಿರಿಯರನ್ನೂ ಕರೆಸಿದರು. ಇವತ್ತು ಇಲ್ಲದ್ದಕ್ಕೆ ಇವತ್ತಿನ ರೊಟ್ಟಿ ಹೇಗೆ ಕೊಡುವುದು ಅಂದರು ಇಂದಿನವರು. ನಾಳೆ ಬರುವುದಕ್ಕೆ ನಾಳೆ ಬಂದ ಮೇಲೆ ಕೊಟ್ಟರಾಯಿತು ಅಂದರು ನಾಳೆಯವರು. ಸಾಕಿನವರು ದಾರ ಹಿಡಿದುಕೊಂಡೇ ಬಂದಿದ್ದರು. ಅದರ ಮಣಿಕಟ್ಟು ತೋರಿಸು, ಅಳೆಯುತ್ತೇವೆ ಅಂದರು. ಒಬ್ಬರ ಮುಖ ಒಬ್ಬರು ನೋಡದವರು ಅವತ್ತು ಒಂದೇ ದನಿಯಲ್ಲಿ ಇಲ್ಲ ಅಂದರು. ಬೈದೆ. ಬೈದರೆ ಏನು ಬಂತು.

ಮರುದಿನ ಒಂದು ರೊಟ್ಟಿಯನ್ನು ಸೆರಗಿನಲ್ಲಿ ಮುಚ್ಚಿ ಮಗಳಿಗೆ ಕೊಟ್ಟೆ. ಅವಳು ಓಣಿ ತಿರುವಿನಲ್ಲಿ ನಡೆಯುತ್ತ ಎರಡು ತುತ್ತು ತಿಂದಿದ್ದಳಷ್ಟೇ, ಬಿಸಿ ರೊಟ್ಟಿಯ ವಾಸನೆ ಅವಳ ಅತ್ತೆಗೆ ಬಡಿಯಿತು. ನಾಳೆಯ ಓಣಿಯಲ್ಲಿ ಬಿಸಿ ರೊಟ್ಟಿ ಅಂದರೆ ಕಳವಿಗಿಂತ ದೊಡ್ಡ ತಪ್ಪು. ಮಿಕ್ಕದ್ದನ್ನು ಗುಂಡಿಗೆ ಹಾಕಿಸಿದರು. ಎರಡು ದಿನ ಅವಳು ಕೈ ಚಾಚುವ ಹಾಗಿಲ್ಲ ಅಂದರು. ನನ್ನ ಮಗಳ ಬಾಯಿಂದ ನಾನೇ ನಾಲ್ಕು ರೊಟ್ಟಿ ಕಿತ್ತುಕೊಂಡ ಹಾಗಾಯಿತು.

ಕೇಳುವಾತ ನನ್ನನ್ನು ಕರೆದು ಮೆಲ್ಲಗೆ ಹೇಳಿದ. "ಕದ್ದು ಕೊಟ್ರ ಅಕಿಗೇ ತ್ರಾಸು. ಕಲ್ಲಿನ ಪದದ ಅರ್ಥ ತಗೊಂಡು ಬಾ. ಖರೇ ಅರ್ಥ. ಅದರಾಗ ನಿನ್ನ ಮಗಳಿಗೆ ಜಾಗ ಇದ್ರ ನಾನ ನನ್ನ ಕೈಯಾರೆ ಕೊಡತೀನಿ."

ಯವನರ ಪದ, ಯವನರನ್ನೇ ಕೇಳಬೇಕು. ಗುಡ್ಡ ಇಳಿದು ಹೋದರೆ ಸಮುದ್ರ, ವರ್ಷಕ್ಕೊಂದು ಸಲ ಅವರ ಹಡಗು ಬರುತ್ತದೆ. ನನಗೆ ಅಕ್ಷರ ಬಾರದು, ಬರೆದುಕೊಂಡು ಹೋಗುವುದು ಹೇಗೆ? ಹಿಟ್ಟನ್ನು ಗಟ್ಟಿ ನಾದಿ, ಕಲ್ಲಿನ ಮೇಲಿನ ಆ ಒಂದು ಪದಕ್ಕೆ ಅದುಮಿದೆ. ಅಕ್ಷರಗಳು ಹಿಟ್ಟಿನ ಮೇಲೆ ಉಬ್ಬಿ ನಿಂತವು. ಅದನ್ನು ಹಾಗೇ ಸಣ್ಣ ಉರಿಯಲ್ಲಿ ಒಣಗಿಸಿ ಕಟಕ ಮಾಡಿದೆ. ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ಹೊರಟೆ. ಕೈಯಲ್ಲಿ ರೊಟ್ಟಿ, ಕಾಲಲ್ಲಿ ದಾರಿ. ನಡೆಯುವುದು ನಮಗೆ ಕಷ್ಟವಲ್ಲ, ನಿಲ್ಲುವುದು ಕಷ್ಟ.

ಆ ವರ್ಷ ಹಡಗು ತಡವಾಯಿತು. ಒಂದು ತಿಂಗಳು, ಎರಡು ತಿಂಗಳು, ದಂಡೆಯ ಈ ತುದಿಯಿಂದ ಆ ತುದಿಗೆ ನಡೆದೆ. ನನ್ನ ಹೆಜ್ಜೆಯಿಂದ ಮರಳಿನಲ್ಲಿ ಒಂದು ಓಣಿಯೇ ಆಯಿತು, ನೀರು ಬಂದು ಅಳಿಸಿತು, ಮತ್ತೆ ನಡೆದೆ. ಒಳಗೆ ಒಂದೇ ಲೆಕ್ಕ. ಈಗ ಐದನೆಯದು, ಈಗ ಆರನೆಯದು.

ಕೊನೆಗೆ ಹಡಗು ಬಂತು. ಅದರಿಂದ ಮೊದಲು ಇಳಿದವನು ಅಡುಗೆಯವ, ಸೌದೆ ಹುಡುಕಿಕೊಂಡು. ಬಂದರಿನಲ್ಲಿ ಕಲಿತ ಕನ್ನಡ ಅವನಿಗೆ ಅಷ್ಟಿಷ್ಟು ಬರುತ್ತಿತ್ತು. ಬಟ್ಟೆ ಬಿಚ್ಚಿ ರೊಟ್ಟಿ ತೋರಿಸಿದೆ. ಬೆರಳಿನಿಂದ ಅಕ್ಷರ ತಡವಿ ನೋಡಿ ನಕ್ಕ.

"ಅಮ್ಮಾ, ಇದು ಉಲ್ಟಾ ಇದೆ."

ಮೂರು ದಿನದ ಹಾದಿ, ಎರಡು ತಿಂಗಳು ಕಾಯ್ದದ್ದು, ಎಲ್ಲ ಉಲ್ಟಾ. ಅವನು ನನ್ನ ಮುಖ ನೋಡಿದ. ರೊಟ್ಟಿಯನ್ನು ಬೋರಲು ಹಾಕಿ, ಒದ್ದೆ ಮರಳಿನ ಮೇಲೆ ಅಂಗೈಯಿಂದ ಒತ್ತಿ, ಎತ್ತಿದ. ಮರಳಿನಲ್ಲಿ ಪದ ನೆಟ್ಟಗೆ ಕೂತಿತ್ತು, ನಮ್ಮ ಕಲ್ಲಿನಲ್ಲಿ ಇದ್ದ ಹಾಗೇ. ಓದಿದ. ಮತ್ತೆ ಓದಿದ. ಹಡಗಿನವರನ್ನೆಲ್ಲ ಕೂಗಿ ಕರೆದ. ನಾವಿಕರು ಬಂದರು, ಪತ್ರ ಬರೆಯುವ ಮುದುಕ ಬಂದ, ಎಲ್ಲರೂ ಸುತ್ತ ಬಗ್ಗಿ ನಿಂತು ತಮ್ಮ ಭಾಷೆಯಲ್ಲಿ ವಾದ ಮಾಡಿದರು. ಅಷ್ಟರಲ್ಲಿ ಅಲೆ ಬಂದು ಪದವನ್ನು ಒಯ್ದಿತು. ಅವರು ವಾದ ಮಾಡುತ್ತಲೇ ಇದ್ದರು.

"ಅಕ್ಷರ ನಮ್ಮವು ಅಮ್ಮ," ಅಂದ ಅಡುಗೆಯವ. "ಪದ ನಮ್ಮದಲ್ಲ. ನಮ್ಮ ಊರಲ್ಲಿ, ಸಂತೆಯಲ್ಲಿ, ಮನೆಯಲ್ಲಿ ಯಾರೂ ಈ ಮಾತು ಆಡಿದ್ದು ಕೇಳಿಲ್ಲ. ಒಡೆದು ನೋಡಿದರೆ ಮೊದಲ ತುಂಡು ಎಪಿ, ಮೇಲೆ ಅಂತ, ಅದು ಎಲ್ಲರಿಗೂ ಗೊತ್ತು. ಉಳಿದ ತುಂಡನ್ನು ಕೆಲವರು ಬರುವುದು ಅಂತಾರೆ, ಕೆಲವರು ಇರುವುದು ಅಂತಾರೆ. ಎರಡನ್ನೂ ಯಾರೋ ಸೇರಿಸಿ ಹೊಸದು ಮಾಡಿದ್ದಾರೆ."

"ಯಾರು?"

"ಇದ್ದ ಪದ ಯಾವುದೂ ಸಾಲದವರು."

ನನಗೆ ಸಿಟ್ಟು ಬಂತು. ಇದನ್ನು ಕೇಳುವುದಕ್ಕೆ ನಾನು ಬರಬೇಕಿತ್ತೇ? ಅವನು ರೊಟ್ಟಿಯ ಮರಳು ಕೊಡವಿ ಎರಡು ಭಾಗ ಮಾಡಿ ಒಂದನ್ನು ನನಗೆ ಕೊಟ್ಟ. ತಾನು ಕೂತು ತಿಂದ. ನಾನು ಅವನ ಸುತ್ತ ಸುತ್ತುತ್ತ ತಿಂದೆ. ಹಲ್ಲಿನಡಿ ಮರಳು ಕರಕರ ಅಂದಿತು.

"ನನ್ನ ಹೆಂಡತಿ ಬಸುರಿ ಇದ್ದಾಗ," ಅಂದ ಅವನು, "ಅವಳಿಗೆ ಒಂದು ಹಸಿವು ಬರುತ್ತಿತ್ತು. ನನ್ನ ಹಸಿವಲ್ಲ ಇದು, ಮಗುವಿನದೂ ಅಲ್ಲ ಅನ್ನುತ್ತಿದ್ದಳು. ಅದಕ್ಕೆ ತಾನೇ ಒಂದು ಹೆಸರಿಟ್ಟಿದ್ದಳು. ನಮ್ಮ ಮನೆಯಲ್ಲಿ ಬಿಟ್ಟು ಆ ಹೆಸರು ಎಲ್ಲೂ ಇಲ್ಲ. ಅವಳು ಹೇಳಿದ ಕೂಡಲೇ ನಾನು ಎದ್ದು ಬಡಿಸುತ್ತಿದ್ದೆ. ಅರ್ಥ ಕೇಳಲಿಲ್ಲ ಅಮ್ಮ. ಅವಳ ಮುಖ ನೋಡುತ್ತಿದ್ದೆ."

ಬರುವಾಗ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ ಸುತ್ತಿತು. ಗುಡ್ಡ ಹತ್ತಿದಂತೆಲ್ಲ ನಮ್ಮ ಒಲೆ ಕಟ್ಟಿದವಳು ನನ್ನ ಮುಂದೆ ಮುಂದೆ ನಡೆದ ಹಾಗೆ ಅನ್ನಿಸಿತು. ಯವನರ ಅಕ್ಷರ ಬಲ್ಲ ಯಾವಳೋ ಹೆಂಗಸು, ಹೊಟ್ಟೆ ಹೊತ್ತು, ಈ ಗುಡ್ಡ ಹತ್ತಿ ಬಂದು ಮೂರು ಕಲ್ಲು ಹೂಡಿ ಕೂತವಳು. ಇದು ನನ್ನ ಊಹೆ. ಕಂಡವರು ಯಾರೂ ಇಲ್ಲ.

ನಾನು ಊರು ಮುಟ್ಟಿದಾಗ ಮಗಳಿಗೆ ಏಳನೆಯ ತಿಂಗಳು ಬಿದ್ದಿತ್ತು. ಹೊಟ್ಟೆ ಮಾತ್ರ ಇತ್ತು, ಮಗಳು ಇರಲಿಲ್ಲ ಅನ್ನಿ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅವಳ ಗಂಡ ತನ್ನ ಪಾಲಿನಲ್ಲಿ ಅರ್ಧ ಕೊಡಲು ಹೋಗಿದ್ದನಂತೆ, ಬೇರೆಯವರ ನಾಳೆಯನ್ನು ತಿನ್ನಬಾರದು ಅಂತ ಓಣಿಯವರು ಅವನ ಕೈ ತಡೆದಿದ್ದರು. ಅವತ್ತು ರಾತ್ರಿ ಅವಳ ಬಳಿ ಕೂತು ಅಡುಗೆಯವ ಹೇಳಿದ್ದನ್ನೆಲ್ಲ ಹೇಳಿದೆ. ಅರ್ಥ ಸಿಗಲಿಲ್ಲ ಮಗಳೇ ಅಂತ ಕಣ್ಣೀರು ಹಾಕಿದೆ. ಅವಳು ಅಳಲಿಲ್ಲ.

"ಹಂಗಂದ್ರ ಆ ಪದ ಯಾರ ಓಣಿದೂ ಅಲ್ಲ," ಅಂದಳು.

ಮರುದಿನ ನಡುಹಗಲು. ಹನ್ನೆರಡು ಹೆಂಚು ಕಾದಿದ್ದವು, ಮೂರು ಓಣಿಯೂ ಸಾಲಿನಲ್ಲಿತ್ತು. ಕೇಳುವಾತ ನನ್ನತ್ತ ತಿರುಗಿದ.

"ಅರ್ಥ ಸಿಕ್ಕಿತೇನವ್ವಾ?"

"ಇಲ್ಲ," ಅಂದೆ. "ಯವನರಿಗೂ ಗೊತ್ತಿಲ್ಲ. ಅದು ಅವರ ಪದ ಅಲ್ಲ. ಯಾರೋ ತಮ್ಮ ಹಸಿವಿಗೆ ತಾವ ಮಾಡಿಕೊಂಡದ್ದು."

ಜನ ಗುಜುಗುಜು ಅಂದರು. ಸುಳ್ಳು ಅಂದರು, ಮುದುಕಿಗೆ ಸಮುದ್ರದ ಗಾಳಿ ಹೊಡೆದಿದೆ ಅಂದರು. ಸಾಲು ಮುಂದೆ ಸರಿಯಿತು. ಇಂದಿನದು, ಇಂದಿನದು, ನಾಳೆಯದು, ಸಾಕಾಗುವಷ್ಟು, ನಾಳೆಯದು. ನನ್ನ ಮಗಳ ಸರದಿ ಬಂತು. ಅವಳು ಎರಡೂ ಕೈ ಚಾಚಿದಳು.

"ಯಾವ ರೊಟ್ಟಿ?"

"ಎಪಿಯೂಸಿಯೋಸ್," ಅಂದಳು ನನ್ನ ಮಗಳು.

ಆ ಪದವನ್ನು ನಾವೆಲ್ಲ ಕಲ್ಲಿನ ಮೇಲೆ ದಿನಾ ನೋಡಿದ್ದೆವು. ಅದರ ಬಗ್ಗೆ ದಿನಾ ಜಗಳವಾಡಿದ್ದೆವು. ಆದರೆ ಅದನ್ನೇ ಕೇಳಿ ಕೈ ಚಾಚಿದವರನ್ನು ನಾನು ಹೆಂಚಿನ ಮುಂದೆ ಕೂತ ಮೂವತ್ತೇಳು ವರ್ಷದಲ್ಲಿ ಕಂಡಿರಲಿಲ್ಲ. ಕೇಳುವಾತನ ಕೋಲು ನೆಲದ ಮೇಲೆ ಜಾರಿತು.

"ಅದು ಉತ್ತರ ಅಲ್ಲ ತಂಗಿ. ಮೂರರಾಗ ಒಂದು ಹೇಳು."

"ಆ ಮೂರೂ ಕಲ್ಲಿನ ಮ್ಯಾಲ ಇಲ್ಲ. ಇದು ಐತಿ. ಇದನ್ನ ಕೊಡ್ರಿ."

"ಅದರ ಅರ್ಥ ಏನು?"

"ತಿಂದ ಮ್ಯಾಲ ಹೇಳತೀನಿ."

ಹಾಗಂದು ಅವಳು ಒಲೆಯ ಮುಂದೆ, ಎಲ್ಲರ ಕಾಲುಗಳ ನಡುವೆ, ನೆಲದ ಮೇಲೆ ಕೂತುಬಿಟ್ಟಳು. ಅವಳ ಅತ್ತೆ ಓಡಿಬಂದು ರಟ್ಟೆ ಹಿಡಿದು ಎತ್ತಿದಳು. ಎದ್ದು ಹೋಗುವವರು ಅಂತ ಕಲ್ಲಿನ ಮೇಲಿದೆ, ಕಣ್ಣು ಕಾಣುವುದಿಲ್ಲವೇ ಅಂತ ಹಿರಿಯರು ಗದರಿದರು.

"ಏಳಬೇಕಾದ್ರ ಮೊದಲ ಕುಂತಿರಬೇಕಲ್ರೀ," ಅಂದಳು. "ನೀವು ಯಾವಾಗ ಕುಂತಿದ್ದಿರಿ?"

ಕೇಳುವಾತ ಕಲ್ಲನ್ನು ನೋಡಿದ. ಆಮೇಲೆ ಮೊದಲ ಸಲ ಅವಳ ಕೈ ನೋಡುವುದು ಬಿಟ್ಟು ಮುಖ ನೋಡಿದ. ನನ್ನ ಹೆಂಚಿನ ಮೇಲೆ ಉಬ್ಬುತ್ತಿದ್ದ ರೊಟ್ಟಿಯನ್ನು ಬರಿಗೈಯಿಂದ ಎತ್ತಿ, ಬೆರಳು ಸುಟ್ಟರೂ ಬಿಡದೆ, ತಂದು ಅವಳ ಅಂಗೈಯಲ್ಲಿಟ್ಟ. ಅವಳು ತಿಂದಳು. ಎರಡನೆಯದು ಕೊಟ್ಟ, ತಿಂದಳು. ಮೂರನೆಯದನ್ನು ಕೊಟ್ಟ. ಸಾಲಿನಲ್ಲಿದ್ದವರು, ಆಗಲೇ ಕೈಯಲ್ಲಿ ರೊಟ್ಟಿ ಹಿಡಿದವರು, ಎಲ್ಲರೂ ನಿಂತೇ ಇದ್ದರು. ಊರಿನ ಕಾಲು ಅಷ್ಟು ಹೊತ್ತು ನಿಂತದ್ದು ಅದೇ ಮೊದಲು.

"ಈಗ ಹೇಳು, ಅರ್ಥ ಏನು?" ಅಂದ ಕೇಳುವಾತ.

ಅವಳು ಬಾಯಿ ಒರೆಸಿಕೊಂಡಳು.

"ಇನ್ನೊಂದು ಕೊಡ್ರಿ," ಅಂದಳು.

ಕೇಳುವಾತ ಅವಳ ಎದುರು ನೆಲದ ಮೇಲೆ ಕೂತು, "ನನ್ನ ಹೆಂಡ್ತಿನೂ ಹಿಂಗ ಕೇಳಿದ್ಲು. ನಾನ ಇಲ್ಲ ಅಂದಿದ್ದೆ," ಅಂತ ಗಳಗಳ ಅತ್ತ. ನಾನು ನಾಲ್ಕನೆಯದನ್ನು ಬಡಿದೆ.

ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. ನಮ್ಮೂರಿನವರು ಅಷ್ಟು ಸುಲಭಕ್ಕೆ ಸರಿಹೋಗುವವರಲ್ಲ. ಬಸುರಿಯರು ಪದ ಹೇಳಿ ಕೂತು ಉಣ್ಣುವುದಕ್ಕೆ ಯಾರೂ ಅಡ್ಡ ಬರುವುದಿಲ್ಲ, ಅಷ್ಟು ಗೆದ್ದೆವು. ಉಳಿದವರು ಈಗಲೂ ನಡೆಯುತ್ತಲೇ ಉಣ್ಣುತ್ತಾರೆ. ಇದ್ದ ಮೂರು ಓಣಿ ಸಾಲದು ಅಂತ ನಾಲ್ಕನೆಯದೊಂದು ಹುಟ್ಟಿಕೊಂಡಿತು, ಹಸಿವಿರಲಿ ಬಿಡಲಿ ಆ ಯವನ ಪದವನ್ನೇ ರಾಗವಾಗಿ ಹೇಳುವ ಓಣಿ. ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅರ್ಥದ ತಂಟೆ ಹಾಗೇ ಉಳಿಯಿತು. ಕೇಳುವಾತ ಆಗಾಗ ನನ್ನ ಮಗಳನ್ನು, ಹೇಳುತ್ತೇನೆ ಅಂದಿದ್ದೆಯಲ್ಲ ತಂಗಿ, ಅನ್ನುತ್ತಿದ್ದ. ಕಂಕುಳಲ್ಲಿ ಕೂಸು ಎತ್ತಿಕೊಂಡು, ಇನ್ನೂ ತಿನ್ನಾಕತ್ತೀನಿ ಯಣ್ಣಾ, ಅನ್ನುತ್ತಿದ್ದಳು. ಹೌದು, ಹೆಣ್ಣು ಕೂಸು. ಹುಟ್ಟಿದಾಗ ನನ್ನ ಎರಡು ಅಂಗೈ ಸಾಲದಷ್ಟಿತ್ತು.

ಮೊನ್ನೆ ಆ ಕೂಸಿಗೆ ಏಳು ತುಂಬಿತು. ಮೊದಲ ಸಲ ಸಾಲಿನಲ್ಲಿ ಬಂದಳು. ನಾಲ್ಕು ಓಣಿಯವರೂ ಕತ್ತು ಉದ್ದ ಮಾಡಿ ನಿಂತಿದ್ದರು, ಇವಳು ಏನು ಹೇಳುತ್ತಾಳೋ ಆ ಓಣಿಯೇ ಗೆದ್ದಂತೆ ಅಂತ. ಕೇಳುವಾತನಿಗೆ ವಯಸ್ಸಾಗಿದೆ, ಕೋಲನ್ನು ಈಗ ನಿಲ್ಲುವುದಕ್ಕಾಗಿ ಹಿಡಿದಿರುತ್ತಾನೆ.

"ಯಾವ ರೊಟ್ಟಿ?" ಅಂದ.

ಹುಡುಗಿ ಕಲ್ಲನ್ನು ನೋಡಲೇ ಇಲ್ಲ. ಎರಡು ಕೈ ಚಾಚಿ, ಇದೇನು ಕೇಳುವ ಮಾತು ಅನ್ನುವ ಹಾಗೆ ಅವನನ್ನು ನೋಡಿದಳು.

"ನಾ ಬರೂಕಿಂತ ಮೊದಲ ನಮ್ಮವ್ವ ನನ್ನ ಸಲುವಾಗಿ ತಿಂದಿದ್ಲಲ್ಲ," ಅಂದಳು, "ಅಂಥಾದ್ದು."

ಕೇಳುವಾತ, ಕೊಡು ಅಂತ ನನ್ನತ್ತ ತಿರುಗಿದ. ನನ್ನ ಹೆಂಚಿನ ಮೇಲೆ ರೊಟ್ಟಿ ಸೀದು ಹೊಗೆ ಎದ್ದಿತು. ಇಷ್ಟು ವರ್ಷದಲ್ಲಿ ನಾನು ಸೀಯಿಸಿದ್ದು ಅದೊಂದೇ. ಮೊಮ್ಮಗಳ ಕೈಗೆ ಒಳ್ಳೆಯದನ್ನು ಕೊಟ್ಟೆ. ಸೀದದ್ದನ್ನು ಗುಂಡಿಗೆ ಹಾಕಲಿಲ್ಲ. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಒಂದೊಂದೇ ತುತ್ತು ಮುರಿದು ತಿಂದೆ.